ನೆಲಮನೆಯ ಒಗರು

ಬಸಣ್ಣ ಉಪ್ಪಿನ ಮಾತು ಬಿಟ್ಟ ಮೇಲೆ ಗೌರಕ್ಕನಿಗೆ ಸಂಶಯ ಶುರುವಾಯಿತು.

ಮದುವೆಯಾಗಿ ಮಾಳಮಡ್ಡಿಯ ಈ ಮನೆಗೆ ಬಂದ ಮೂವತ್ತೈದು ವರ್ಷಗಳಲ್ಲಿ ಗಂಡ ಒಂದು ದಿನವೂ ಸುಮ್ಮನೆ ಉಂಡು ಎದ್ದವನಲ್ಲ. ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚುವನು. ಕಣ್ಣು ತೆರೆದಾಗ ‘ಉಪ್ಪು ಒಂದ್ ಹರಳು ಹೆಚ್ಚಾತು’ ಎಂದೋ, ‘ಹುಣಸಿ ಹೋದ ವರ್ಷದ್ದು ಹಾಕೀದಿ’ ಎಂದೋ ಹೇಳಿಯೇ ಎರಡನೆಯ ತುತ್ತು. ಅವನ ಕಸುಬೇ ನಾಲಿಗೆಯದು. ಅಮರಗೋಳದ ಮಾರುಕಟ್ಟೆಯಲ್ಲಿ ಬೆಲ್ಲದ ದಲಾಲಿ ಅಂಗಡಿ. ಬೆಲ್ಲದ ಪೆಂಟೆಯ ಅಂಚು ಮುರಿದು ನಾಲಿಗೆಗೆ ಮುಟ್ಟಿಸಿ, ಉಗುಳಿ, ಬಾಯಿ ಮುಕ್ಕಳಿಸಿ, ಇದು ಕರಿಮಣ್ಣಿನ ಕಬ್ಬು, ಇದು ಸವಳು ನೆಲದ್ದು ಎಂದುಬಿಟ್ಟರೆ ಅದರ ಮೇಲೆ ಧಾರಣೆ ನಿಲ್ಲುತ್ತಿತ್ತು. ಆ ನಾಲಿಗೆಯ ಜೊತೆ ಸಂಸಾರ ಮಾಡುವುದು ಸುಲಭವಾಗಿರಲಿಲ್ಲ. ಎಷ್ಟೋ ಸಲ ಗೌರಕ್ಕ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದ್ದಳು, ಸಾರು ಮೋರಿಗೆ ಸುರುವಿದ್ದಳು.

ಆ ವರ್ಷ ಶ್ರಾವಣದಲ್ಲಿ ಅವನಿಗೆ ಜ್ವರ ಬಂದು ಇಪ್ಪತ್ತು ದಿನ ಹಾಸಿಗೆ ಹಿಡಿಸಿತು. ಎದ್ದ ಮೇಲೆ ಮನುಷ್ಯನೇ ಬೇರೆ. ರೊಟ್ಟಿ ಮುರಿದ, ಪಲ್ಲೆ ಹಚ್ಚಿದ, ಉಂಡ. ‘ಛಲೋ ಆಗೇತಿ’ ಅಂದ. ಮರುದಿನ ಝುಣಕಕ್ಕೂ ‘ಛಲೋ ಆಗೇತಿ’. ಗೌರಿಹುಣ್ಣಿಮೆ ಹೊತ್ತಿಗೆ ಆ ಮಾತು ಕೇಳಿ ಕೇಳಿ ಗೌರಕ್ಕನಿಗೆ ಸಾಕುಸಾಕಾಗಿತ್ತು.

“ನಿಮ್ಮ ಮಾವಗ ಏನಾಗೇತಿ?” ಎಂದು ಸೊಸೆ ಆರತಿಯನ್ನು ಕೇಳಿದಳು.

ಆರತಿ ಹಿಟ್ಟು ನಾದುತ್ತಿದ್ದಳು. “ಏನಾಗೇತ್ರಿ ಅತ್ತಿ? ಹೊಗಳಾಕತ್ತಾರ. ಹೊಗಳಿಸಿಕೋರಿ.”

“ಗಂಡಸು ಇಷ್ಟು ಮೆತ್ತಗ ಆದ್ರ ಏನರೆ ಮುಚ್ಚಿಟ್ಟಾನ ಅಂತನ ಅರ್ಥ.”

ಸೊಸೆ ನಕ್ಕಳು. ಆದರೆ ತಲೆ ಎತ್ತಲಿಲ್ಲ. ಆ ತಲೆ ಎತ್ತದ್ದನ್ನು ಗೌರಕ್ಕ ನೋಡಿಟ್ಟುಕೊಂಡಳು.

ಅವಳ ಸಂಶಯಕ್ಕೆ ಹಿಂದಿನದೊಂದು ಬೇರು ಇತ್ತು. ಬಸಣ್ಣನ ಅಣ್ಣ ಸಿದ್ದಪ್ಪ ಕುಡಿದು ಸತ್ತವನು. ಅತ್ತೆ ಹೇಳುತ್ತಿದ್ದಂತೆ, ಮೊದಮೊದಲು ಅವನೂ ಹೀಗೆಯೇ ಮೆತ್ತಗಾಗಿದ್ದ, ಹೆಂಡತಿ ಬಡಿಸಿದ್ದನ್ನೆಲ್ಲ ಹೊಗಳಿ ಉಣ್ಣುತ್ತಿದ್ದ. ಆಮೇಲೆ ಹೊಲ ಹೋಯಿತು, ಎತ್ತು ಹೋದವು, ಅವನೂ ಹೋದ. ಅವನ ದಿನಕರ್ಮ ಮುಗಿದ ಸಂಜೆ ಬಸಣ್ಣ ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ತಾಯಿಯ ಮುಂದೆ, “ಈ ಗಂಟಲದಾಗ ಒಂದು ಹನಿ ಇಳಿಯಂಗಿಲ್ಲ ಯವ್ವಾ” ಎಂದು ಆಣೆ ಮಾಡಿದ್ದ. ಹೊಸ ಮದುವಣಗಿತ್ತಿ ಗೌರಕ್ಕ ಬಾಗಿಲ ಹಿಂದೆ ನಿಂತು ಕೇಳಿದ್ದಳು. ಆ ಮಾತಿನ ಮೇಲೆ ಇಷ್ಟು ವರ್ಷ ನೆಮ್ಮದಿಯಾಗಿ ಮಲಗಿದ್ದಳು.

ಹಾಗಿದ್ದೂ ಆ ಮನೆಯಲ್ಲಿ ಕುಡಿಯುವ ಸೆರೆ ಇತ್ತು. ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಹಲಗೆ ಎತ್ತಿದರೆ ಕಲ್ಲಿನ ಮೆಟ್ಟಿಲು ನೆಲಮನೆಗೆ ಇಳಿಯುತ್ತದೆ. ಬೇಸಿಗೆಯಲ್ಲೂ ತಂಪು. ಹುಣಸೆಹಣ್ಣಿನ ಗಡಿಗೆ, ಉಪ್ಪಿನಕಾಯಿ ಭರಣಿ, ಹಳೆ ಬೆಲ್ಲ ಎಲ್ಲ ಅಲ್ಲಿ. ಅವುಗಳ ಹಿಂದೆ, ಗೋಡೆಗೆ ಒತ್ತಿ, ಗೋಣಿತಾಟು ಹೊದಿಸಿದ ದ್ರಾಕ್ಷಿ ಸೆರೆಯ ಬಾಟಲಿಗಳು. ಮಡಗಾಂವದ ಒಬ್ಬ ಕ್ರೈಸ್ತ ಸಾಹುಕಾರ ಬಸಣ್ಣನ ಹತ್ತಿರ ಬೆಲ್ಲ ಕೊಳ್ಳುತ್ತಿದ್ದ. ಪ್ರತಿ ದೀಪಾವಳಿಗೆ ಗೋಡಂಬಿ, ಮಿಠಾಯಿ ಜೊತೆಗೆ ತನ್ನ ಅಜ್ಜನ ಕಾಲದಿಂದ ಮನೆಯಲ್ಲಿದ್ದ ಬಾಟಲಿ ಒಂದೆರಡು ಬುಟ್ಟಿಯಲ್ಲಿಟ್ಟು ಕಳಿಸುವನು. ಅವನ ಪಾಲಿಗೆ ಅದಕ್ಕಿಂತ ದೊಡ್ಡ ಮರ್ಯಾದೆಯ ಕಾಣಿಕೆ ಇಲ್ಲ. ಲಕ್ಷ್ಮೀಪೂಜೆಯ ದಿನ ಅಂಗಡಿಯ ಹೊಸ್ತಿಲು ದಾಟಿ ಒಳಬಂದದ್ದನ್ನು ಹೊರಗೆ ಹಾಕಬಾರದು ಎಂಬುದು ಅತ್ತೆಯ ಕಟ್ಟಳೆ. ಕುಡಿಯುವಂತಿಲ್ಲ, ಚೆಲ್ಲುವಂತಿಲ್ಲ, ಮಾರುವುದಂತೂ ದೂರ. ಸಾಹುಕಾರ ತೀರಿಕೊಂಡು ಬುಟ್ಟಿ ಬರುವುದು ನಿಂತರೂ ಬಾಟಲಿಗಳು ಗೋಣಿತಾಟಿನ ಕೆಳಗೆ ಉಳಿದವು. ಗೌರಕ್ಕ ವರ್ಷಕ್ಕೊಮ್ಮೆ ಅತ್ತ ಕಸ ಹೊಡೆಯುವಾಗ ಮುಖ ತಿರುವಿಕೊಳ್ಳುತ್ತಿದ್ದಳು.

ಕಾರ್ತಿಕದ ಒಂದು ಬೆಳಿಗ್ಗೆ ಹುಣಸೆಗೆಂದು ಇಳಿದವಳು ಗೋಣಿತಾಟು ಸರಿದದ್ದು ಕಂಡಳು. ಉಳಿದ ಬಾಟಲಿಗಳ ಮೇಲೆ ಬೆರಳು ದಪ್ಪ ಧೂಳು. ಒಂದರ ಮೇಲೆ ಮಾತ್ರ ಇಲ್ಲ. ಬಿರಡೆ ಬಿಚ್ಚಿ ಮತ್ತೆ ಒತ್ತಿದ್ದರು. ಮೂಗು ಹತ್ತಿರ ಒಯ್ದಳು. ಹಳೆ ಹುಣಸೆಗಡಿಗೆಗೂ ಒದ್ದೆ ಮರಕ್ಕೂ ನಡುವಿನ ವಾಸನೆ.

ಮೇಲೆ ಬಂದು ಹಲಗೆ ಮುಚ್ಚಿದಳು. ಯಾರಿಗೂ ಹೇಳಲಿಲ್ಲ.

ಹಲಗೆಯ ಬೀಗದ ಚಾವಿ ಅವಳ ಸೊಂಟದಲ್ಲೇ ಇರುವುದು. ಸೋಮವಾರ ಸಂಜೆ ಮಠಕ್ಕೆ ಪ್ರವಚನ ಕೇಳಲು ಹೋಗುವಾಗ ಮಾತ್ರ ದೇವರ ಜಗಲಿಯ ಮೊಳೆಗೆ ತೂಗು ಹಾಕಿ ಹೋಗುತ್ತಾಳೆ. ಸೋಮವಾರ ಅಂಗಡಿಯಿಂದ ತಂದೆ-ಮಗ ಬೇಗ ಬರುವುದನ್ನು ಈಚೆಗೆ ಕಂಡಿದ್ದಳು. ಅದನ್ನೂ ಇದನ್ನೂ ಕೂಡಿಸಿದಳು. ಮಗ ರಾಜಶೇಖರನೋ, ಗಂಡನೋ, ಇಬ್ಬರೋ?

ಮೊದಲು ಮಗನ ಮೇಲೆ ಕಣ್ಣಿಟ್ಟಳು. ಸ್ಕೂಟರ್ ಒಳಗೆ ಬಂದೊಡನೆ ನೀರಿನ ತಂಬಿಗೆ ಹಿಡಿದು ಎದುರಿಗೆ ಹೋಗಿ ನಿಲ್ಲುವಳು.

“ಬಾಯಾಗ ಏನ್ ಹಾಕ್ಕೊಂಡೀಯೋ?”

“ಯಾಲಕ್ಕಿಬೇ ಯವ್ವಾ.”

“ಯಾಲಕ್ಕಿ ಯಾಕ?”

“ಬಾಯಿ ವಾಸನಿ ಹೊಡೀತದಂತ ನಿನ್ನ ಸೊಸಿ ಅಂತಾಳ.”

“ಯಾತರ ವಾಸನಿ?”

“ಉಳ್ಳಾಗಡ್ಡಿದು. ನೀನ ಬುತ್ತ್ಯಾಗ ಕಟ್ಟಿದ್ದಿ.” ಅವನು ನಗುತ್ತ ನೀರು ಕುಡಿದು ಒಳಗೆ ಹೋದ. ಈರುಳ್ಳಿ ಕಟ್ಟಿದ್ದು ಖರೆ. ಆದರೂ ಗೌರಕ್ಕನ ಮನಸ್ಸು ಒಪ್ಪಲಿಲ್ಲ.

ಮರುವಾರ ಮಂಗಳವಾರ ಮುಂಜಾನೆ ಮುಸುರೆ ತಿಕ್ಕುವ ಹೊಳೆವ್ವ ಹಿತ್ತಲಿನಿಂದ ಕೂಗಿದಳು. “ಅಕ್ಕಾರ, ಈ ತಂಬಿಗಿ ಯಾತಕ್ಕ ಬಳಸೀರಿ? ಒಳಗ ಕೆಂಪಗ ಕಲೆ ಕಟ್ಟೇತಿ. ಏನೋ ನಾರತೈತಿ.”

“ಏನ್ ನಾರತೈತಿ?”

ಹೊಳೆವ್ವ ಮೂಗು ತಂಬಿಗೆಯೊಳಗೆ ಇಟ್ಟು ಎತ್ತಿದಳು. ಅವಳ ಗಂಡ ಹುಬ್ಬಳ್ಳಿಯಲ್ಲಿ ಹಮಾಲಿ ಮಾಡಿ ರಾತ್ರಿ ಹೇಗೆ ಬರುತ್ತಾನೆಂಬುದು ಓಣಿಗೆಲ್ಲ ಗೊತ್ತು. “ನಮ್ಮನ್ಯಾಗಿನ ವಾಸನಿ ಅಲ್ಲ ಬಿಡ್ರಿ. ಆದ್ರ ಅದರ ದೊಡ್ಡಪ್ಪನ ಮಗ ಇದ್ದಂಗೈತಿ.”

“ಹುಣಸಿ ನೆನಸಿದ್ದೆ,” ಎಂದಳು ಗೌರಕ್ಕ.

ಹೊಳೆವ್ವ ಅವಳ ಮುಖ ನೋಡಿದಳು. “ಹೌದೇನ್ರಿ?” ಎಂದಳು. ಬೂದಿ ಹಚ್ಚಿ ತಿಕ್ಕತೊಡಗಿದಳು.

ಅಂದು ಅಂಗಡಿಗೆ ಹೊರಡುವ ಮೊದಲು ಮೂವರನ್ನೂ ಕೂರಿಸಿ ಬಡಿಸುವಾಗ ಗೌರಕ್ಕ ಮಾತು ತೆಗೆದಳು. “ಸಿದ್ದಪ್ಪ ಭಾವನ ನೆನಪಾತು ಇವತ್ತ.”

ಬಸಣ್ಣನ ಕೈ ತಾಟಿನಲ್ಲೇ ನಿಂತಿತು. “ಈಗ್ಯಾಕ ಅವನ ಮಾತು?”

“ಅವರೂ ಉಪ್ಪಿನ ಮಾತು ಆಡತಿರಲಿಲ್ಲಂತ. ಏನ್ ನೀಡಿದ್ರೂ ಛಲೋ ಆಗೇತಿ ಅಂತಿದ್ರು. ಬಾಯಿ ಸತ್ತಿತ್ತು.”

ರಾಜಶೇಖರ ಕೆಮ್ಮಿದ. ಆರತಿ ಮಜ್ಜಿಗೆ ತರುವ ನೆಪಕ್ಕೆ ಎದ್ದಳು. ಬಸಣ್ಣ ಮಾತ್ರ ತಾಟು ನೋಡುತ್ತ, “ಪುಂಡಿಪಲ್ಲೆ ಛಲೋ ಆಗೇತಿ,” ಎಂದ.

“ಆಗಿರಬೇಕಲ್ಲ,” ಎಂದಳು ಗೌರಕ್ಕ. ಅವನ ತಾಟಿಗೆ ಇನ್ನೊಂದು ಸೌಟು ಹಾಕಿದ ರಭಸಕ್ಕೆ ಪಲ್ಲೆ ಧೋತರದ ಮೇಲೆ ಸಿಡಿಯಿತು.

ಸಂಜೆ ಆರತಿಯನ್ನು ಹಿತ್ತಲಿಗೆ ಕರೆದು ಕೂರಿಸಿಕೊಂಡಳು. “ನೋಡವಾ, ನನಗ ಎಲ್ಲಾ ಗೊತ್ತಾಗೇತಿ, ಏನೂ ಗೊತ್ತಾಗಿಲ್ಲ. ಇಷ್ಟು ಕೇಳಸ್ಕೋ. ಈ ಮನ್ಯಾಗ ಆಣಿ ಮುರದದ್ದು ಖರೇ ಆದ್ರ ನಾ ಕೆಲಗೇರಿಗೆ ನಮ್ಮ ಅಣ್ಣನ ಮನಿಗೆ ಹೋಗ್ತೇನಿ. ಆ ಮನಿಷ್ಯಾನ ಜೋಡಿ ಲಿಂಗಪೂಜಿಗೆ ಕುಂದ್ರೂದಿಲ್ಲ. ಚಾವಿ ನೀ ಇಟ್ಕೋ, ಭರಣಿ ನೀ ನೋಡ್ಕೋ.”

“ಅತ್ತಿ, ಅಷ್ಟು ದೂರದ ಮಾತು ಯಾಕ್ರಿ?”

“ಹಂಗಾರ ಹತ್ರದ ಮಾತು ನೀ ಹೇಳು.”

“ಮಾವಾರ ಹೇಳಬೇಕ್ರಿ ಅದನ್ನ,” ಎಂದು ಆರತಿ ಎದ್ದು ಒಣಗಿದ ಬಟ್ಟೆ ತೆಗೆಯಲು ಹೋದಳು.

ಸೊಸೆಯೂ ಅವರ ಕಡೆ. ಗೌರಕ್ಕನಿಗೆ ತನ್ನ ಮನೆಯಲ್ಲಿ ತಾನೇ ನೆಂಟಳಾಗಿ ಬಂದಂತೆನಿಸಿತು. ಆ ವಾರವೆಲ್ಲ ಯಾರು ಯಾರ ಜೊತೆ ಪಿಸುಗುಟ್ಟಿದರೂ ಕಿವಿ ಅತ್ತ ಹೋಗುವುದು. ಗಂಡ ಜೇಬಿನಲ್ಲಿ ಕೈ ಹಾಕಿದರೆ ಕಣ್ಣು ಜೇಬಿಗೆ. ತಂಬಿಗೆಗಳನ್ನು ತಾನೇ ತೊಳೆದಿಟ್ಟು ಎಣಿಸುವಳು.

ಸೋಮವಾರ ಬಂತು. ಮಠಕ್ಕೆ ಹೊರಡುವ ಮೊದಲು ನೆಲಮನೆಗೆ ಇಳಿದಳು. ಹಿಂದೆಲ್ಲ ಬೆಕ್ಕು ಹಾಲು ಕುಡಿಯುತ್ತದೋ ಎಂದು ಪತ್ತೆ ಹಚ್ಚಲು ಒಲೆಯ ಬೂದಿ ಚೆಲ್ಲುತ್ತಿದ್ದರು. ಈಗ ಗ್ಯಾಸಿನ ಒಲೆ, ಇದ್ದಷ್ಟು ಬೂದಿ ಹೊಳೆವ್ವನ ಮುಸುರೆಗೇ ಸಾಲದು. ಜಗಲಿಯ ಮೇಲಿನ ವಿಭೂತಿ ಗಟ್ಟಿಯೊಂದನ್ನು ತಂದು ಪುಡಿ ಮಾಡಿದಳು. ತಪ್ಪಾಯಿತು ಎಂದು ಒಳಗೇ ಶಿವನಿಗೆ ಹೇಳಿ, ಬಾಟಲಿಗಳ ಕುತ್ತಿಗೆಗೆ, ಭುಜಕ್ಕೆ, ಗೋಣಿತಾಟಿನ ಅಂಚಿಗೆಲ್ಲ ಸಣ್ಣಗೆ ಉದುರಿಸಿದಳು. ಕತ್ತಲಲ್ಲಿ ಅದು ಧೂಳಿನಂತೆಯೇ ಕಂಡಿತು. ಚಾವಿ ಮೊಳೆಗೆ ಹಾಕಿ, ಸೆರಗು ಹೊದ್ದು ಹೋದಳು.

ಪ್ರವಚನದಲ್ಲಿ ಸ್ವಾಮಿಗಳು ಏನು ಹೇಳಿದರೆಂದು ಕೇಳಿದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ. ಮಂಗಳಾರತಿಗೆ ನಿಲ್ಲದೆ ಎದ್ದು ಬಂದಳು.

ಮನೆಯಲ್ಲಿ ಮೂವರೂ ಪಡಸಾಲೆಯಲ್ಲಿದ್ದರು. ಟಿವಿ ಹಚ್ಚಿತ್ತು. ಬಸಣ್ಣ ಆರಾಮಕುರ್ಚಿಯಲ್ಲಿ. ಅವನ ಹಣೆಯ ಮೇಲೆ ಮುಂಜಾನೆಯ ಮೂರು ಪಟ್ಟೆ ವಿಭೂತಿ ಬೆವರಿಗೆ ಅಳಿಸಿ ಮಸಕಾಗಿದ್ದರೆ, ಅವುಗಳ ನಡುವೆ ಬೆಳ್ಳಗೆ, ಹಸಿಹಸಿಯಾಗಿ ಒಂದು ಬೆರಳಿನ ಗುರುತು. ರಾಜಶೇಖರ ಅಂಗಡಿಗೆ ಹೋಗುವಾಗಲೇ ಹಣೆ ಒರೆಸಿಕೊಳ್ಳುವ ಹುಡುಗ. ಅವನ ಹಣೆಯಲ್ಲೂ ಬೊಟ್ಟಿನಷ್ಟು ಬಿಳುಪು. ಚಹಾ ಹಿಡಿದು ಒಳಗಿನಿಂದ ಬಂದ ಆರತಿಯ ಕುಂಕುಮದ ಮೇಲೆಯೂ ಅದೇ.

ಮೂವರೂ ತಮಗೇ ಗೊತ್ತಿಲ್ಲದೆ ಹಚ್ಚಿಕೊಂಡಿದ್ದರು. ಬೆರಳಿಗೆ ವಿಭೂತಿ ಹತ್ತಿದರೆ ಅದನ್ನು ಧೋತರಕ್ಕೋ ಸೀರೆಗೋ ಒರೆಸುವ ಕೈ ಆ ಮನೆಯಲ್ಲಿ ಒಂದೂ ಇರಲಿಲ್ಲ. ಯಾವ ಕತ್ತಲಲ್ಲಿದ್ದರೂ ಬೆರಳು ತಾನಾಗಿ ಹಣೆಗೆ ಹೋಗುತ್ತದೆ.

ಗೌರಕ್ಕ ಟಿವಿ ಆರಿಸಿದಳು.

“ಮೂರು ಮಂದಿನೂ ಕನ್ನಡ್ಯಾಗ ಮಾರಿ ನೋಡ್ಕೋರಿ.”

ರಾಜಶೇಖರ ತಂದೆಯ ಹಣೆ ನೋಡಿದ. ಬಸಣ್ಣ ಸೊಸೆಯ ಹಣೆ ನೋಡಿದ. ಆರತಿ ಚಹಾದ ಕಪ್ಪು ಕೆಳಗಿಟ್ಟಳು.

“ನಾ ಹೇಳಿದ್ದೆ,” ಎಂದ ರಾಜಶೇಖರ ತಂದೆಗೆ. “ಯವ್ವಗ ಮೊದಲ ಹೇಳೂಣು ಅಂತ.”

“ಏನ್ ಹೇಳ್ತೀರೋ? ಮಗ, ಸೊಸಿ, ಮಾವ ಒಂದ ತಾಟಿನಾಗ ಕುಂತು ಕುಡ್ಯಾಕತ್ತೀರಿ ಅಂತನೋ?”

“ಕುಡದಿಲ್ಲ,” ಎಂದ ಬಸಣ್ಣ.

“ಬಾಟಲಿ ಬಿರಡಿ ಇಲಿ ತೆಗೀತೇನು?”

“ಬಾಯಾಗ ಹಾಕೇನಿ. ಉಗುಳೇನಿ. ಗಂಟಲಕ್ಕ ಇಳಿಸಿಲ್ಲ.”

“ಅವ್ವನ ಮುಂದ ಹೇಳಿದ್ದು ಗಂಟಲದ ಮಾತು ಅಂತ ಈಗ ಗಂಟಲದ ಲೆಕ್ಕ ತೋರಸ್ತೀರೇನ್ರಿ ನನಗ? ಬೆಲ್ಲದ ಯಾಪಾರ ಮಾಡಿ ಮಾಡಿ ಆಣಿಗೂ ತೂಕ ಹಚ್ಚೀರಿ.”

ಬಸಣ್ಣ ಎದ್ದ. ಕಂದೀಲು ಹಚ್ಚಿಕೊಂಡು, “ಬಾ, ತೋರಸ್ತೇನಿ,” ಎಂದು ಹಿಂದಿನ ಕೋಣೆಗೆ ನಡೆದ.

ನೆಲಮನೆಯಲ್ಲಿ ನಾಲ್ವರಿಗೆ ಜಾಗವಿಲ್ಲ. ಗೌರಕ್ಕ ಮೆಟ್ಟಿಲ ಮೇಲೆಯೇ ಕುಳಿತಳು. ಬಸಣ್ಣ ಹುಣಸೆಗಡಿಗೆಗೆ ಒರಗಿ ನಿಂತ.

“ನಾಲಿಗಿ ಸತ್ತೇತಿ ಗೌರೀ,” ಎಂದ. “ಜ್ವರದಾಗ. ಸೀ ಇಲ್ಲ, ಉಪ್ಪಿಲ್ಲ, ಖಾರ ಸುಡತೈತಿ ಅಷ್ಟ. ವಾಸನಿನೂ ಇಲ್ಲ.”

“ಡಾಕ್ಟರ ಕಡೆ ಕರಕೊಂಡ ಹೋಗಿದ್ದೆ,” ಎಂದ ಮಗ. “ಬಂದ್ರ ಬರಬಹುದು, ಬರದೇನೂ ಇರಬಹುದು ಅಂದ್ರು. ಅಂಗಡ್ಯಾಗ ಅಪ್ಪ ಉಪ್ಪು ಬೆಲ್ಲಾನ ಒಂದನೇ ನಂಬರ್ ಅಂತ ಪಾಸ್ ಮಾಡಿದ್ರಬೇ. ಸವಳು ನೆಲದ ಮಾಲು, ಬಾಯಾಗಿಟ್ರ ಓಕರಿಕಿ ಬರ್ತಿತ್ತು. ಖರೀದಿದಾರ ತಿರುಗಿ ತಂದಾಗ ನಂದ ತಪ್ಪು ಅಂತ ಹೇಳಿ ಮುಚ್ಚೇನಿ. ಮಾರ್ಕೆಟ್ ಯಾರ್ಡಿನಾಗ ಗೊತ್ತಾದ್ರ ಬಸಣ್ಣನ ನಾಲಿಗಿ ಹೋತು ಅಂತ ಎಲ್ಲಾರೂ ಬ್ಯಾರೆ ಅಂಗಡಿ ಹುಡುಕ್ತಾರ.”

“ಅದಕ್ಕ ಸೆರೆ ಯಾಕ?”

“ಒಂದ್ಸಲ ಉಪ್ಪಿನಕಾಯಿ ಬಾಯಿಗಿಟ್ಟು ನೋಡೂಣಂತ ಇಳದಿದ್ದೆ. ಏನೂ ತಿಳೀಲಿಲ್ಲ. ಈ ಬಾಟಲಿ ಜಿನುಗಿತ್ತು, ಬೆರಳಿಗೆ ಹತ್ತಿದ್ದು ನಾಲಿಗಿಗೆ ತಾಗಿಸಿದೆ. ಹಸೀ ಬಾಳೀಕಾಯಿ ಕಚ್ಚಿದಂಗ ಹಿಡೀತು. ಒಗರು. ನಾಲಿಗಿ ಐತಿ ಅಂತ ಅವತ್ತ ಗೊತ್ತಾತು ನನಗ.” ಅವನು ಬಾಟಲಿಯೊಂದನ್ನು ಎತ್ತಿದ. “ಇದು ನೇರಳಿಹಣ್ಣು ತಿಂದ ಮ್ಯಾಲೆ ಒರಟಾಗ್ತೈತಲ್ಲ, ಹಂಗ. ಆ ಕಡೀದು ಬರೇ ನೀರು, ಅದರಾಗೇನೂ ಉಳದಿಲ್ಲ. ಈ ಉದ್ದನೇದು ಬಾಯಿಗಿಟ್ಟ ಕೂಡ್ಲೆ ಸುಮ್ಮನಿರ್ತೈತಿ, ಉಗುಳಿದ ಮ್ಯಾಲೆ ಹಲ್ಲಿನ ಬುಡಕ್ಕ ಬಂದು ಎಳೀತೈತಿ. ಒಳ್ಳೆ ಮಾಲು.”

ಅವನು ಬೆಲ್ಲದ ಪೆಂಟೆಗಳ ಮುಂದೆ ನಿಂತಾಗಿನ ದನಿಯಲ್ಲಿ ಮಾತಾಡುತ್ತಿದ್ದ. ಗೌರಕ್ಕ ಆ ದನಿ ಕೇಳಿ ಎಷ್ಟೋ ತಿಂಗಳಾಗಿತ್ತು.

“ವಾಸನಿ ನಾ ಹೇಳ್ತೇನ್ರಿ ಅವರಿಗೆ,” ಎಂದಳು ಆರತಿ ಮೆಲ್ಲಗೆ. “ಇದು ಒಣದ್ರಾಕ್ಷಿ ಡಬ್ಬಿ ತೆರದಂಗ. ಅದು ಮಳ್ಯಾಗ ತೊಯ್ದ ಗೋಣಿಚೀಲ. ನಾ ಹೇಳಿದ್ದು ಕೇಳಿ ಹೌದು ಅಂತಾರ, ಹಂಗಲ್ಲ ಅಂತಾರ.”

“ನೀ ಏನ್ ಮಾಡ್ತಿ?” ಎಂದಳು ಗೌರಕ್ಕ ಮಗನಿಗೆ.

“ತಂಬಿಗಿ ಹಿಡೀತೇನಿ. ಉಗುಳಾಕ.”

ಯಾರಿಗೂ ನಗು ಬರಲಿಲ್ಲ. ಗೌರಕ್ಕ ಎದ್ದು ಸೆರಗು ಕೊಡವಿದಳು.

“ಸಿದ್ದಪ್ಪ ಭಾವನೂ ಮೊದಲ ಮೊದಲ ಹಲ್ಲುನೋವಿಗೆ ಅಂತಿದ್ರು,” ಎಂದು ಮೇಲೆ ಹತ್ತಿ ಹೋದಳು.

ನಂಬಿಕೆ ಬರಲಿಲ್ಲ. ಬರುವುದಾದರೂ ಹೇಗೆ? ಮೂರು ಜನ ಮೂರು ತಿಂಗಳು ಬಾಯಿ ಕಟ್ಟಿಕೊಂಡವರು ಒಂದು ಸಂಜೆ ಬಾಯಿ ಬಿಟ್ಟರೆ, ಇದನ್ನೂ ಮೊದಲೇ ಮಾತಾಡಿಕೊಂಡಿರಲಿಕ್ಕಿಲ್ಲವೇ? ಪೆಟ್ಟಿಗೆ ತೆಗೆದು ನಾಲ್ಕು ಸೀರೆ ಮಡಚಿಟ್ಟಳು. ಕೆಲಗೇರಿಯ ಅಣ್ಣನಿಗೆ ಫೋನು ಮಾಡುತ್ತೇನೆಂದಳು; ಮಾಡಲಿಲ್ಲ. ಚಾವಿಯನ್ನು ಮೊಳೆಗೆ ಹಾಕುವುದು ಬಿಟ್ಟಳು. ಬೆಳಿಗ್ಗೆ ಲಿಂಗಪೂಜೆಗೆ ಗಂಡ ಕೂತರೆ ಇವಳು ಹಿತ್ತಲಲ್ಲಿ ತುಳಸಿಗೆ ನೀರು ಹಾಕುತ್ತ ನಿಲ್ಲುವಳು. ಬಸಣ್ಣ ಪೂಜೆ ಮುಗಿಸಿ, ಅವಳ ಪಾಲಿನ ಪತ್ರಿಯನ್ನು ತಾಟಿನಲ್ಲಿ ಬೇರೆ ಎತ್ತಿಟ್ಟು ಅಂಗಡಿಗೆ ಹೋಗುವನು. ಉಣ್ಣುವಾಗ ಈಗ ‘ಛಲೋ ಆಗೇತಿ’ ಎಂಬ ಮಾತೂ ನಿಂತಿತು.

ಹೀಗೇ ವಾರ ಕಳೆಯಿತು. ಒಂದು ಮುಂಜಾನೆ ಗೌರಕ್ಕ ಉಪ್ಪಿಟ್ಟು ಮಾಡಲು ನಿಂತಳು. ರವೆ ಹುರಿದು, ಒಗ್ಗರಣೆಗೆ ನೀರು ಹಾಕಿ, ಉಪ್ಪಿನ ಡಬ್ಬಿ ತೆಗೆದಳು. ಹಾಕಬೇಕಾದಷ್ಟು ಹಾಕಿದಳು. ಹಿಂದೆ ತಿರುಗಿ ನೋಡಿದಳು. ಆರತಿ ಸ್ನಾನಕ್ಕೆ ಹೋಗಿದ್ದಳು. ಇನ್ನೊಂದು ಮುಷ್ಟಿ ಹಾಕಿ ಕಲಸಿ ಮುಚ್ಚಿದಳು.

ಗಂಡ, ಮಗ ಕೂತರು. ಇಬ್ಬರಿಗೂ ಬಡಿಸಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ರಾಜಶೇಖರ ಫೋನಿನಲ್ಲಿ ಯಾರೊಂದಿಗೋ ಲಾರಿಯ ಮಾತಾಡುತ್ತ ತಾಟು ಮುಟ್ಟಿರಲಿಲ್ಲ. ಬಸಣ್ಣ ಮೊದಲ ತುತ್ತು ಬಾಯಿಗಿಟ್ಟ. ಹಳೆಯ ರೂಢಿಯಂತೆ ಕಣ್ಣು ಮುಚ್ಚಿದ. ಅವನು ಕಣ್ಣು ತೆರೆದ. ಎರಡನೆಯ ತುತ್ತು ತೆಗೆದುಕೊಂಡ. ಮೂರನೆಯದು. ಅವನ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಮೆಲ್ಲಗೆ, ತಾಟಿನ ಬದಿಯ ಒಂದು ಕಾಳೂ ಬಿಡದೆ, ಬಡಿಸಿದವಳಿಗೆ ಮರ್ಯಾದೆ ಕೊಡುವವನಂತೆ ಅರ್ಧ ತಾಟು ಉಂಡ.

ರಾಜಶೇಖರ ಫೋನಿಟ್ಟು ತುತ್ತು ಬಾಯಿಗೆ ಹಾಕಿದವನೇ ಮೋರಿಗೆ ಓಡಿ ಉಗುಳಿದ.

“ಇದೇನಬೇ ಯವ್ವಾ, ಉಪ್ಪಿನ ಮೂಟಿ ಒಡದಿ ಏನು?”

ಬಸಣ್ಣನ ಕೈ ನಿಂತಿತು. ತಾಟು ನೋಡಿದ. ಆಮೇಲೆ ತಲೆ ಎತ್ತಿ ಹೆಂಡತಿಯನ್ನು ನೋಡಿದ, ಬೈಯುವ ನೋಟವಲ್ಲ. ಅಂಗಡಿಯಲ್ಲಿ ತೂಕ ತಪ್ಪಿ ಸಿಕ್ಕಿಬಿದ್ದ ರೈತ ನೋಡುವ ಹಾಗೆ.

“ಉಪ್ಪಾಗೇತೇನು?” ಎಂದು ಕೇಳಿದ.

ಗೌರಕ್ಕ ಚೌಕಟ್ಟು ಬಿಟ್ಟು ಬಂದಳು. ಮಗನಿಗೆ, “ಹೊರಗ ಹೋಗು,” ಎಂದಳು. ಗಂಡ ಎದ್ದ ಮೇಲೆಯೇ ಉಣ್ಣುವುದು ಅವಳ ರೂಢಿ. ಮೂವತ್ತೈದು ವರ್ಷದಲ್ಲಿ ಒಮ್ಮೆಯೂ ಅವನ ಎದುರು ತಾಟಿಗೆ ಕೈ ಹಾಕಿದವಳಲ್ಲ. ಈಗ ಅವನ ಬದಿಗೆ ನೆಲದ ಮೇಲೆ ಕೂತು, ಅವನ ತಾಟಿನಿಂದಲೇ ಒಂದು ತುತ್ತು ತೆಗೆದು ಬಾಯಿಗೆ ಹಾಕಿಕೊಂಡಳು. ಕಣ್ಣಲ್ಲಿ ನೀರು ಬಂತು. ಉಪ್ಪಿಗೆ ಬಂದದ್ದೆಂದು ಯಾರಾದರೂ ತಿಳಿದುಕೊಳ್ಳಬಹುದಿತ್ತು. ಉಗುಳಲಿಲ್ಲ, ನುಂಗಿದಳು.

“ಒಂದು ಮುಷ್ಟಿ ಹೆಚ್ಚಿಗಿ ಹಾಕೇನ್ರಿ,” ಎಂದಳು. “ಗಂಟಲ ಕಟ್ಟತೈತಿ. ಮೆಣಸಿನಕಾಯಿ ಕರಕ ಆಗೇತಿ. ರವಾ ಸರಿ ಹುರದಿಲ್ಲ, ಹಸಿ ವಾಸನಿ ಐತಿ.”

ಬಸಣ್ಣ ಕೇಳುತ್ತಿದ್ದ.

“ದಿನಾ ಹಿಂಗ ಕುಂತು ಹೇಳ್ತೇನಿ. ನಾ ಹೇಳಿದ್ದಕ್ಕ ನೀವು ಛಲೋ ಆಗೇತಿ ಅನ್ನೂದು ಬ್ಯಾಡ. ಖೊಟ್ಟಿ ಮಾತು ನನಗ ಸೇರೂದಿಲ್ಲ.” ಅವಳು ಸೊಂಟದ ಚಾವಿ ಬಿಚ್ಚಿ ಅವನ ತಾಟಿನ ಬದಿಗೆ ಇಟ್ಟಳು. “ಸೋಮವಾರ ನಾನೂ ಕೆಳಗ ಬರ್ತೇನಿ. ತಂಬಿಗಿ ನಾ ಹಿಡೀತೇನಿ. ಉಗುಳಿದ್ದು ಕಣ್ಣಾರೆ ನೋಡಬೇಕು ನಾ.”

“ನಂಬಿಕಿ ಇಲ್ಲೇನು ಇನ್ನೂ?”

“ನೋಡಬೇಕು ಅಂದೇನಿ. ಈಗ ಬೈರಿ.”

“ಯಾಕ?”

“ಉಪ್ಪಾಗೇತಿ ಅಂತ ಹೇಳಿದ್ನಲ್ಲ. ಬೈರಿ.”

ಬಸಣ್ಣ ತಾಟು ದೂಡಿದ. ಓಣಿಗೆ ಕೇಳುವಷ್ಟು ದನಿ ಎತ್ತಿದ.

“ಮೂವತ್ತೈದು ವರ್ಷಾತು ಈ ಮನಿಗೆ ಬಂದು. ಉಪ್ಪಿನ ಅಳತಿ ಇನ್ನೂ ತಿಳೀವಲ್ದೇನ ನಿನಗ?”

ಹಿತ್ತಲಲ್ಲಿ ಹೊಳೆವ್ವನ ಪಾತ್ರೆಯ ಸದ್ದು ನಿಂತಿತು. ಗೌರಕ್ಕ ತಾಟು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಬೇರೆ ರವೆ ಹುರಿಯಲು ಒಲೆ ಹಚ್ಚಿದಳು.